ಇಂಚಿಗೆ ನೂರು ರೂಪಾಯಿ

ನಮ್ಮ ಕೊಪ್ಪಳದ ಭಾಗ್ಯನಗರದಲ್ಲಿ ಕೂದಲು ಅಂದ್ರೆ ವ್ಯಾಪಾರ. ಬಾಚಣಿಕೆಗೆ ಬಂದ ಕೂದಲಿಗೂ ಇಲ್ಲಿ ಬೆಲೆ ಇದೆ. ಹಾಗಾಗಿ ಸೊಂಟ ಮುಟ್ಟೋ ಜಡೆ ಕತ್ತರಿಸ್ತೀನಿ ಅಂದಾಗ ಅವ್ವ ಅತ್ತಳು, ಚಿಗವ್ವ ರೇಟ್ ಕೇಳಿದಳು.

ನಮ್ಮ ಓಣಿಯ ಹುಡುಗಿಯೊಬ್ಬಳಿಗೆ ಬೆಂಗಳೂರಿನ ಕಿದ್ವಾಯಿಯಲ್ಲಿ ಕ್ಯಾನ್ಸರ್ ಚಿಕಿತ್ಸೆ ನಡೆದಿದೆ. ಔಷಧಕ್ಕಿಂತ ಓಡಾಟ, ರೂಮು, ಊಟದ ಖರ್ಚೇ ಜಾಸ್ತಿ. ಸುಮ್ನೆ ದುಡ್ಡು ಕೇಳಿದರೆ ಜನ ಮುಖ ತಿರುಗಿಸುತ್ತಾರೆ. 'ಇಂಚಿಗೆ ನೂರು ರೂಪಾಯಿ ಕೊಡಿ, ಅಷ್ಟು ಜಡೆ ಕತ್ತರಿಸ್ತೀನಿ' ಅಂದೆ ನೋಡಿ, ಆಫೀಸಿನಲ್ಲಿ ಪೈಪೋಟಿ ಶುರುವಾಯ್ತು! ಚಹಾದ ದುಡ್ಡೂ ಕೊಡದ ಕ್ಯಾಷಿಯರ್ ಸರ್ ಐದು ಇಂಚು ಬರೆಸಿದರು.

ಕತ್ತರಿ ಹಿಡಿದದ್ದು ಕೂದಲು ವಿಂಗಡಿಸುವ ಕೆಲಸಕ್ಕೆ ಹೋಗುವ ನಮ್ಮ ಅತ್ತಿಗೆ. ತಲೆ ತೊಳೆದು ಪೂರ್ತಿ ಒಣಗಿಸಿ, ಜಡೆ ಹೆಣೆದು, ಎರಡೂ ತುದಿಗೆ ರಬ್ಬರ್ ಬ್ಯಾಂಡ್ ಬಿಗಿದಳು. 'ಬುಡ ಎಲ್ಲಾ ಒಂದೇ ಕಡೆ ಇರಬೇಕು. ತಿರುಗುಮುರುಗು ಆದ್ರ ಗಂಟೂ ಬೀಳ್ತದ, ರೇಟೂ ಬೀಳ್ತದ' ಅಂದಳು. ದಪ್ಪ ಜಡೆ, ಒಂದೇ ಏಟಿಗೆ ಆಗಲಿಲ್ಲ. ಕರಕರ ಅಂತ ಕೊಯ್ದಳು.

ಜಡೆ ಮಾರಿದ ದುಡ್ಡೂ ಹುಡುಗಿಯ ಅಪ್ಪನ ಖಾತೆಗೇ ಹೋಯ್ತು. ಬರೆಸಿ ಇನ್ನೂ ಕೊಡದವರು ಕೆಲವರಿದ್ದಾರೆ. ಕತ್ತರಿಸಿದ್ದನ್ನು ವಾಪಸ್ ಅಂಟಿಸೋಕಾಗಲ್ಲ ಅಲ್ವಾ, ಬೇಗ ಕೊಡ್ರಪ್ಪಾ!