ಒಡೆದ ಜಾಡಿಯ ಹೊಣೆ ಯಾರದು?

ದಾವಣಗೆರೆ, 12 ಜುಲೈ 2024, ಶುಕ್ರವಾರ

ಎದುರು ಮನೆಯ ಅಕ್ಕ ಆನ್‌ಲೈನ್‌ನಲ್ಲಿ ತರಿಸಿದ್ದ ಉಪ್ಪಿನಕಾಯಿಯ ಪಿಂಗಾಣಿ ಜಾಡಿಗಳು ಇಂದು ಮಧ್ಯಾಹ್ನ ಬಂದವು. ರಟ್ಟಿನ ಪೆಟ್ಟಿಗೆಯ ಒಂದು ಮೂಲೆ ನಜ್ಜುಗುಜ್ಜಾಗಿತ್ತು. ಒಳಗೆ ಎರಡು ಜಾಡಿಗಳ ನಡುವೆ ಹಳೆಯ ಪತ್ರಿಕೆಯ ಹಾಳೆಯೊಂದನ್ನು ಬಿಟ್ಟರೆ ಹುಲ್ಲಾಗಲಿ, ಥರ್ಮಾಕೋಲಾಗಲಿ ಇರಲಿಲ್ಲ. ದೊಡ್ಡ ಜಾಡಿಯ ಕಂಠ ಸೀಳಿಹೋಗಿತ್ತು. ಮಾರಿದವರಿಗೆ ಫೋನ್ ಮಾಡಿದರೆ, "ನಾವು ಸರಿಯಾಗಿಯೇ ಕಳಿಸಿದ್ದೇವೆ, ಕೊರಿಯರ್‌ನವರನ್ನು ಕೇಳಿ" ಎಂದರು. ಕೊರಿಯರ್‌ನವರು, "ಬುಕ್ ಮಾಡಿದವರೇ ದೂರು ಕೊಡಬೇಕು" ಎಂದರು.

ಲಾರಿ ರಸೀದಿಯ ಮೇಲೆ 'ಓನರ್ಸ್ ರಿಸ್ಕ್', ಅಂದರೆ ನಷ್ಟವಾದರೆ ಮಾಲಿನ ಒಡೆಯರದೇ ಹೊಣೆ, ಎಂದು ಅಚ್ಚಾಗಿರುವುದು ನಮ್ಮೂರಿನ ವ್ಯಾಪಾರಿಗಳಿಗೆ ಹೊಸದಲ್ಲ. 1930ರ ಸರಕು ಮಾರಾಟ ಕಾಯ್ದೆಯ 39ನೇ ಕಲಮಿನ ಪ್ರಕಾರವೂ, ಕೊಳ್ಳುವವರಿಗೆ ತಲುಪಿಸಲೆಂದು ಮಾಲನ್ನು ಸಾಗಣೆದಾರರಿಗೆ ಒಪ್ಪಿಸಿದರೆ ಮೇಲ್ನೋಟಕ್ಕೆ ಕೊಂಡವರಿಗೇ ಒಪ್ಪಿಸಿದಂತೆ. ಆದರೆ ಮಾಲಿನ ಸ್ವರೂಪಕ್ಕೆ ತಕ್ಕ ಸಾಗಣೆಯ ಕರಾರನ್ನು ಮಾರುವವರೇ ಮಾಡಿಕೊಳ್ಳಬೇಕೆಂದು ಅದೇ ಕಲಮು ಹೇಳುತ್ತದೆ. ಈ ಭಾಗವನ್ನು ನೆನಪಿಟ್ಟುಕೊಳ್ಳುವವರು ಕಡಿಮೆ. ಮನೆಬಳಕೆಗೆ ಕೊಂಡವರಿಗಂತೂ 2020ರ ಇ-ವಾಣಿಜ್ಯ ನಿಯಮಗಳ ಬಲವಿದೆ. ದೋಷವಿರುವ, ಜಾಹೀರಾತಿನಲ್ಲಿ ತೋರಿಸಿದಂತಿಲ್ಲದ ಅಥವಾ ಹೇಳಿದ ಅವಧಿ ಮೀರಿ ತಲುಪಿದ ವಸ್ತುವನ್ನು ಹಿಂಪಡೆಯಲು, ಹಣ ಮರಳಿಸಲು ಮಾರಾಟಗಾರರು ನಿರಾಕರಿಸುವಂತಿಲ್ಲ. ವಿಳಂಬಕ್ಕೆ ಕೈಮೀರಿದ ಕಾರಣವಿದ್ದರೆ ಮಾತ್ರ ವಿನಾಯಿತಿ. ಅಕ್ಕ ಹಣ ಕೊಟ್ಟದ್ದು ಮಾರಿದವರಿಗೆ, ಕೊರಿಯರನ್ನು ಆರಿಸಿದವರೂ ಅವರೇ. ಆದ್ದರಿಂದ ಸಾಗಣೆಯಲ್ಲಾದ ನಷ್ಟವನ್ನು ಕೊರಿಯರ್ ಸಂಸ್ಥೆಯಿಂದ ವಸೂಲು ಮಾಡಿಕೊಳ್ಳುವುದು ಅವರ ಕೆಲಸವೇ ಹೊರತು, ಅದಕ್ಕಾಗಿ ಅಕ್ಕನನ್ನು ಅಲೆಸುವುದು ನ್ಯಾಯವಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ.

ಹಾಗೆಂದು ಕೊಳ್ಳುವವರಿಗೆ ಹೊಣೆಯೇ ಇಲ್ಲವೆನ್ನಲಾಗದು. ಮೊಳಕಾಲ್ಮುರಿನ ರೇಷ್ಮೆ ಸೀರೆಗಳನ್ನು ಆನ್‌ಲೈನ್‌ನಲ್ಲಿ ಮಾರುವ ಪರಿಚಿತರೊಬ್ಬರಿಗೆ, ಕಳಿಸಿದ ಸೀರೆಯ ಬದಲು ಉಟ್ಟು ಹಳತಾದ ಸೀರೆ ವಾಪಸ್ ಬಂದದ್ದುಂಟು. ನೇಯ್ದವರ ವಾರಗಟ್ಟಲೆಯ ದುಡಿಮೆ ಹಾಗೆ ಕೈತಪ್ಪುವುದನ್ನು ಕೇಳಿ ನನಗೆ ನಿಜಕ್ಕೂ ಸಂಕಟವಾಯಿತು. ವಿಳಾಸ, ಪಿನ್‌ಕೋಡ್ ತಪ್ಪು ಬರೆದು, ಫೋನ್ ಎತ್ತದೆ, ಪಾರ್ಸೆಲ್ ಬರಲಿಲ್ಲವೆಂದು ದೂರುವವರೂ ಇದ್ದಾರೆ. ಅಂಥವರ ನಷ್ಟವನ್ನು ಮಾರಿದವರ ಮೇಲೆ ಹೊರಿಸಲು ನನ್ನ ಮನಸ್ಸು ಒಪ್ಪುವುದಿಲ್ಲ.

ಅಕ್ಕ ಪೆಟ್ಟಿಗೆ ಬಿಚ್ಚುವಾಗ ಮಗನಿಂದ ವಿಡಿಯೊ ಮಾಡಿಸಿದ್ದರು, ವಿಳಾಸದ ಚೀಟಿಯೂ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅದನ್ನೂ ಬಿಲ್ಲನ್ನೂ ಸೇರಿಸಿ ಸಂಜೆ ಜಾಲತಾಣದ ಕುಂದುಕೊರತೆ ಅಧಿಕಾರಿಗೆ ದೂರು ಕಳಿಸಿದೆವು. ದೂರು ತಲುಪಿತೆಂದು ಅವರು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುವುದು, ಅದಕ್ಕೂ ಬಗ್ಗದಿದ್ದರೆ ಇಲ್ಲಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುವುದೆಂದು ನಿರ್ಧರಿಸಿದ್ದೇವೆ. ಮಾರಿದವರು ಬೇರೆ ರಾಜ್ಯದವರಾದರೂ ಕೊಂಡವರು ವಾಸಿಸುವ ಊರಿನಲ್ಲೇ ದೂರು ಸಲ್ಲಿಸಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅವಕಾಶ ಕೊಟ್ಟಿದೆ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವೂ ಇಲ್ಲ.