ನೂರು ಲೀಟರ್ ನೀರು, ಏಳು ಸುತ್ತಿನ ಕೋಟೆ

ಚಿತ್ರದುರ್ಗದ ಕಡೆಗೆ, ಒಳಗೇ ಮಲಗಿ ಅಡುಗೆ ಮಾಡಿಕೊಳ್ಳುವ ಕ್ಯಾಂಪರ್ ವ್ಯಾನಿನಲ್ಲಿ ಹೋಗುವುದಾದರೆ ದಸರಾ ಮುಗಿದ ಮೇಲೆ ಹೋಗಬೇಕು. ಬೇಸಿಗೆಯಲ್ಲಿ ಬಂಡೆಗಳು ಹಗಲಿಡೀ ಕಾದು ರಾತ್ರಿಯೆಲ್ಲ ಬಿಸಿ ಉಗುಳುತ್ತವೆ, ಎ.ಸಿ. ಹಾಕದಿದ್ದರೆ ನಿದ್ದೆ ಬರುವುದಿಲ್ಲ, ಹಾಕಿದರೆ ಬ್ಯಾಟರಿ ಬೆಳಗಿನವರೆಗೆ ಬರುವುದಿಲ್ಲ. ಆಷಾಢ, ಶ್ರಾವಣದಲ್ಲಿ ಗಾಳಿ. ಆ ಗುಡ್ಡಗಳ ನೆತ್ತಿಯ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಆಗ ವ್ಯಾನಿನ ಪಕ್ಕದ ಬಟ್ಟೆಯ ಚಪ್ಪರ ಬಿಚ್ಚಿದರೆ ಮಡಿಸುವುದಕ್ಕೆ ಏನೂ ಉಳಿಯುವುದಿಲ್ಲ. ಆಶ್ವಯುಜಕ್ಕೆ ಗಾಳಿ ತಗ್ಗುತ್ತದೆ, ಹೊಲಗಳು ಇನ್ನೂ ಹಸಿರಾಗಿರುತ್ತವೆ, ಕಿಟಕಿ ತೆರೆದು ತೆಳು ಕಂಬಳಿ ಹೊದ್ದರೆ ರಾತ್ರಿ ಕಳೆಯುತ್ತದೆ. ಉಳಿಯುವ ಅಂಜಿಕೆ ಚಿತ್ತೆ, ಸ್ವಾತಿ ಮಳೆಯದು ಮಾತ್ರ. ಹಿಂಗಾರು ಮಧ್ಯಾಹ್ನ ಮೋಡ ಕಟ್ಟಿ ಸಂಜೆಗೆ ಗುಡುಗಿನೊಂದಿಗೆ ಸುರಿಯುವ ಜಾತಿ. ಹಾಗಾಗಿ ಹಳ್ಳದ ದಂಡೆಯಲ್ಲಾಗಲಿ, ಒಣಗಿದಂತೆ ಕಾಣುವ ಕೆರೆಯಂಗಳದಲ್ಲಾಗಲಿ ಗಾಡಿ ನಿಲ್ಲಿಸಬಾರದು. ತೆಂಗಿನ ಮರದ ಕೆಳಗೂ ಬೇಡ, ಕಾರಣ ಹೇಳಬೇಕಿಲ್ಲ.

ಬೆಂಗಳೂರಿನಿಂದ ಬಾಡಿಗೆಗೆ ಹಿಡಿದ ವ್ಯಾನ್ ಬಂದಾಗ ಕನ್ನಡಿಯ ಮೇಲೆ ಆಯುಧಪೂಜೆಯ ಕುಂಕುಮ ಇನ್ನೂ ಇತ್ತು, ಬಂಪರಿಗೆ ಕಟ್ಟಿದ ಮಾವಿನೆಲೆ ಒಣಗಿ ಸುರುಳಿಯಾಗಿತ್ತು. ಒಳಗೆ ಮಡಚುವ ಮಂಚ, ಒಂದು ಒಲೆಯ ಅಡುಗೆಕಟ್ಟೆ, ಪುಟ್ಟ ಫ್ರಿಜ್, ಮೊಣಕೈ ತಾಗುವಷ್ಟು ಇಕ್ಕಟ್ಟಿನ ಶೌಚಾಲಯ. ಹಾಸಿಗೆ ಮೆತ್ತಗಿದೆಯೇ ಎಂದು ಅಮ್ಮ ಒತ್ತಿ ನೋಡಿದರು. ನಾನು ನೋಡಿದ್ದು ನೀರಿನ ಟ್ಯಾಂಕನ್ನು. ನೂರು ಲೀಟರ್. ನಾಲ್ಕು ಜನರಿಗೆ ಇದು ಏನೇನೂ ಅಲ್ಲ. ಮನೆಯಲ್ಲಿ ಇಬ್ಬರು ಸ್ನಾನ ಮಾಡಿ ಪಾತ್ರೆ ತೊಳೆದರೆ ಮುಗಿಯಿತು. ಇಂಥ ಪ್ರವಾಸದಲ್ಲಿ ಡೀಸೆಲ್‌ಗಿಂತ ಮೊದಲು ಲೆಕ್ಕ ಹಾಕಬೇಕಾದದ್ದು ನೀರನ್ನು. ಅದೂ ಮಳೆಯ ನೆರಳಿನಲ್ಲಿ ಬದುಕುವ ಈ ಜಿಲ್ಲೆಯಲ್ಲಿ.

ಉಳಿದ ತಯಾರಿ ದೊಡ್ಡದೇನಲ್ಲ. ಸ್ಟೆಪ್ನಿಯೂ ಸೇರಿದಂತೆ ಟೈರುಗಳ ಗಾಳಿ ನೋಡಿಸಿದೆವು. ಗ್ಯಾಸ್ ಕೊಳವೆಯ ಜೋಡಣೆಗೆ ಸಾಬೂನಿನ ನೊರೆ ಹಚ್ಚಿ ಗುಳ್ಳೆ ಏಳುವುದಿಲ್ಲವೆಂದು ಖಚಿತಪಡಿಸಿಕೊಂಡೆವು. ಚಕ್ರಕ್ಕೆ ಕೊಡಲು ಮರದ ತುಂಡುಗಳು, ಉದ್ದನೆಯ ನೀರಿನ ಪೈಪು, ಹದಿನಾರು ಆಂಪಿಯರಿನ ಪ್ಲಗ್ ಇರುವ ದಪ್ಪ ತಂತಿ ಜೊತೆಗೆ ಬಂದವು. ಚಳಿಯೆಂದು ಕಿಟಕಿಯನ್ನೆಲ್ಲ ಮುಚ್ಚಿ ಒಳಗೆ ಒಲೆ ಹಚ್ಚಿಡಬಾರದು ಎಂಬುದನ್ನು ಅಮ್ಮನಿಗೆ ಎರಡೆರಡು ಸಲ ಹೇಳಬೇಕಾಯಿತು. ಹಾಗೆ ಉರಿಯುವ ಒಲೆಯಿಂದ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆ ಇರುವುದಿಲ್ಲ.

ಮೊದಲ ತಂಗುದಾಣ ಹಿರಿಯೂರಿನ ಆಚೆ, ಪರಿಚಯದವರ ದಾಳಿಂಬೆ ತೋಟ. ನಮ್ಮಲ್ಲಿ ಇಂಥ ಗಾಡಿಗಳಿಗೆಂದೇ ಸಿದ್ಧವಾದ ತಾಣಗಳು ಅಪರೂಪ. ಗೊತ್ತಿದ್ದವರ ಜಮೀನು, ಅನುಮತಿ ಕೊಡುವ ರೆಸಾರ್ಟಿನ ಅಂಗಳ, ಇಷ್ಟೇ. ತೋಟದ ಯಜಮಾನರಿಗೆ ನಮ್ಮ ವ್ಯವಸ್ಥೆ ಕಂಡು ಬೇಸರವೇ ಆಯಿತು. “ಒಳಗೆ ಮನೆ ಇದೆ, ಹಾಸಿಗೆ ಇದೆ. ಗಾಡಿಯಲ್ಲಿ ಯಾಕೆ ಮಲಗುತ್ತೀರಿ?” ಎಂದು ಕೇಳಿದರು. ಇದಕ್ಕೆ ನನ್ನ ಬಳಿ ಈಗಲೂ ಒಳ್ಳೆಯ ಉತ್ತರವಿಲ್ಲ. ಚಾಲಕ ಅಡುಗೆಕಟ್ಟೆಯ ಮೇಲೆ ಲೋಟದಲ್ಲಿ ನೀರಿಟ್ಟು, ಅದು ಸಮನಾಗಿ ನಿಲ್ಲುವವರೆಗೆ ಮುಂದಿನ ಚಕ್ರದ ಕೆಳಗೆ ಮರದ ತುಂಡು ಸೇರಿಸುತ್ತಾ ಹೋದ. ಯಜಮಾನರು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು “ಇನ್ನೊಂದು ಬೆರಳು ಎಡಕ್ಕೆ” ಎನ್ನುತ್ತಿದ್ದರು. ಬೇಸರ ಅಲ್ಲಿಗೆ ಹೋಯಿತು. ಪಾತ್ರೆ ತೊಳೆದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ತೆಂಗಿನ ಬುಡಕ್ಕೆ ಹಾಕಿದೆವು. ಶೌಚಾಲಯದ ಮಲ ತುಂಬುವ ಪೆಟ್ಟಿಗೆಯಲ್ಲಿರುವುದು ಮಾತ್ರ ಅವರ ಶೌಚಗುಂಡಿಗೇ ಹೋಗಬೇಕು. ಅದನ್ನು ಕೆರೆಗೋ ಚರಂಡಿಗೋ ಸುರಿಯುವವರಿಗೆ ವ್ಯಾನ್ ಕೊಡಲೇಬಾರದು.

ಕೊಳವೆಬಾವಿಯ ನೀರು ಸ್ನಾನಕ್ಕೆ ಸರಿ, ಕುಡಿಯಲು ಬೇಡ ಎಂದು ಅವರೇ ತಡೆದರು. ಈ ಭಾಗದಲ್ಲಿ ಫ್ಲೋರೈಡಿನ ತೊಂದರೆ ಹಳೆಯದು. ಊರಿನ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಂಡೆವು.

ಮರುದಿನ ವಾಣಿವಿಲಾಸ ಸಾಗರ. ವೇದಾವತಿಗೆ ಎರಡು ಗುಡ್ಡಗಳ ನಡುವೆ ಕಟ್ಟಿದ ಈ ಅಣೆಕಟ್ಟಿನ ಕೆಲಸ ಮುಗಿದದ್ದು 1907ರಲ್ಲಿ. ತುಂಬುವ ಮಟ್ಟ 130 ಅಡಿ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ, 89 ವರ್ಷಗಳ ನಂತರ. ಆ ವರ್ಷ ಜನ ಜಾತ್ರೆಗೆ ಬಂದಂತೆ ಬಂದರು. ಕಣಿವೆ ಮಾರಮ್ಮನಿಗೆ ಕೈಮುಗಿದು, ಏರಿಯ ಮೇಲೆ ನಿಂತು ನೀರನ್ನು ಕಣ್ತುಂಬ ನೋಡಿ, ಕತ್ತಲಾಗುವ ಮೊದಲೇ ಹೊರಟೆವು.

ಚಿತ್ರದುರ್ಗದ ಕೋಟೆಯನ್ನು ಎಲ್ಲರೂ ಒನಕೆ ಓಬವ್ವನ ಕಿಂಡಿಗಾಗಿ ನೋಡುತ್ತಾರೆ, ನಾವೂ ನೋಡಿದೆವು. ತಂಗಿ ಅದರೊಳಗೆ ತೂರಿ ಬರುವ ಸಾಹಸವನ್ನೂ ಮಾಡಿದಳು. ಆದರೆ ಈ ಸಲ ನನ್ನ ಕಾಲು ಹೊಂಡಗಳ ಹತ್ತಿರ ನಿಂತಿತು. ಬಂಡೆಗಳ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡಕ್ಕೆ ಇಳಿಯುತ್ತದೆ, ಅದು ತುಂಬಿದರೆ ಅಕ್ಕ-ತಂಗಿಯರ ಹೊಂಡಕ್ಕೆ, ಅಲ್ಲಿಂದ ಕೆಳಗೆ ಊರಿನ ಸಿಹಿನೀರು ಹೊಂಡಕ್ಕೆ. ಪಂಪು ಇಲ್ಲ, ಕವಾಟ ಇಲ್ಲ, ಇಳಿಜಾರೇ ಎಲ್ಲ ಕೆಲಸ ಮಾಡುತ್ತದೆ. 1779ರಲ್ಲಿ ಹೈದರಾಲಿಯ ವಶವಾಗುವ ಮೊದಲು ಈ ಕೋಟೆ ಮುತ್ತಿಗೆಗಳನ್ನು ತಡೆದುಕೊಂಡದ್ದು ಏಳು ಸುತ್ತಿನ ಗೋಡೆಯಿಂದ ಎಷ್ಟೋ, ಈ ನೀರಿನಿಂದಲೂ ಅಷ್ಟೇ ಎಂದು ನನ್ನ ಅನಿಸಿಕೆ. ಕೆಳಗೆ ಬಂದು ನಮ್ಮ ಟ್ಯಾಂಕಿನ ಮುಳ್ಳು ನೋಡಿದರೆ ಕಾಲು ಭಾಗ ಉಳಿದಿತ್ತು.

ಜೋಗಿಮಟ್ಟಿಗೆ ಹಗಲಿನಲ್ಲೇ ಹೋಗಿ ಬಂದೆವು; ಅದು ಅರಣ್ಯಧಾಮ, ಗಾಡಿ ನಿಲ್ಲಿಸಿ ಮಲಗುವ ಜಾಗವಲ್ಲ. ಚಂದ್ರವಳ್ಳಿಯ ಕೆರೆಯನ್ನು ತುಂತುರು ಮಳೆಯಲ್ಲೇ ಸುತ್ತಿದೆವು.

ದಾವಣಗೆರೆಯ ದಾರಿಯಲ್ಲಿ ಹೆದ್ದಾರಿ ಬಿಟ್ಟು ಹಳ್ಳಿಯ ರಸ್ತೆ ಹಿಡಿದಾಗ ಅರ್ಧ ರಸ್ತೆಗೆ ಮೆಕ್ಕೆಜೋಳ ಹರವಿತ್ತು. ಮಳೆ ಮೋಡ ಕಂಡು ಮನೆಮಂದಿಯೆಲ್ಲ ರಾಶಿ ಒಟ್ಟಿ ತಾಡಪಾಲು ಎಳೆಯುವ ಅವಸರದಲ್ಲಿದ್ದರು. ಮೇಲೆ ಜೋತುಬಿದ್ದ ವಿದ್ಯುತ್ ತಂತಿ, ಕೆಳಗೆ ಕಾಳು. ನಾವು ನಿಂತು ರಾಶಿಯ ಕೆಲಸ ಮುಗಿಯಲೆಂದು ಕಾದೆವು. ಚಾಲಕ ಇಳಿದು ತಾಡಪಾಲಿನ ಒಂದು ತುದಿ ಹಿಡಿದ. ನಂತರ ತಂತಿಯ ಎತ್ತರ ನೋಡಿ, ಗಾಡಿಯನ್ನು ಹಿಂದಕ್ಕೇ ತಿರುಗಿಸಿದ.

ಬಾಡಿಗೆಯ ಹಣದಲ್ಲಿ ಹೋಟೆಲಿನ ಎರಡು ಒಳ್ಳೆಯ ಕೋಣೆ ಸಿಗುತ್ತಿದ್ದವು ಎಂದು ಅಮ್ಮ ದಾವಣಗೆರೆ ತಲುಪುವವರೆಗೂ ಹೇಳುತ್ತಿದ್ದರು. ಲೆಕ್ಕ ಸರಿಯೇ ಇತ್ತು. ಊರೊಳಗಿನ ಬೀದಿಗೆ ನಮ್ಮ ಗಾಡಿ ಹಿಡಿಸುವುದಿಲ್ಲವೆಂದು ಹೊರವಲಯದಲ್ಲೇ ನಿಲ್ಲಿಸಿ, ಬೆಣ್ಣೆ ದೋಸೆಗೆ ಆಟೊ ಹಿಡಿದೆವು. ಚಾಲಕನಿಗೆ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಬಂದರೆ, ಅವನು ಆಗಲೇ ನಮ್ಮ ಒಲೆಯ ಮೇಲೆ ಉಪ್ಪಿಟ್ಟು ಮಾಡಿ ಮುಗಿಸಿದ್ದ. ಮಿರ್ಚಿಯನ್ನು ಅಮ್ಮನೇ ತಿಂದರು.