ಫೈಲಿನಲ್ಲಿ ಇಲ್ಲದ ಮನೆ ಹೆಸರು

ನಾನು ಕೆಲಸ ಮಾಡುವುದು ತೈವಾನ್ ದ್ವೀಪದ ದಕ್ಷಿಣದ ಪಿಂಗ್‌ಟುಂಗ್ ಜಿಲ್ಲೆಯಲ್ಲಿ. ಒಂದು ವಿಶ್ವವಿದ್ಯಾಲಯದ ಸಂಶೋಧನಾ ಸಹಾಯಕಿ. ವಯಸ್ಸಾದವರು ಜಾರಿ ಬೀಳದ ಹಾಗೆ ಏನೇನು ಮಾಡಬಹುದು ಅನ್ನೋದು ನಮ್ಮ ಪ್ರಾಜೆಕ್ಟು. ಅದಕ್ಕಾಗಿ ಬೆಟ್ಟದ ಮೇಲೆ ಪೈವಾನ್ ಅನ್ನೋ ಮೂಲನಿವಾಸಿಗಳ ಊರುಗಳಿಗೆ ಹೋಗುತ್ತೇನೆ. ತೀರ್ಥಹಳ್ಳಿಯಲ್ಲಿರುವ ಅಮ್ಮನಿಗೆ ಫೋನಿನಲ್ಲಿ ‘ಪೈವಾನ್’ ಅಂದರೆ, ‘ತೈವಾನ್ ಅನ್ನೇ’ ಅಂತ ಈಗಲೂ ತಿದ್ದುತ್ತಾರೆ.

ತೈವಾನ್ ಸರ್ಕಾರ 16 ಮೂಲನಿವಾಸಿ ಸಮುದಾಯಗಳನ್ನು ಗುರುತಿಸಿದೆ. ಜನಸಂಖ್ಯೆಯಲ್ಲಿ ಅಮಿಸ್ ಜನರ ನಂತರ ಪೈವಾನ್ ಜನರೇ ಜಾಸ್ತಿ. ಮಾಜಿಯಾ, ತಾಯ್ವು, ಲೈಯಿ, ಚುನ್‌ರಿ, ಹೀಗೆ ಬೆಟ್ಟದ ಬುಡದಿಂದ ಮೇಲಿನವರೆಗೂ ಅವರ ಊರುಗಳು. ಇಲ್ಲಿನ ಹಲವು ಊರುಗಳಲ್ಲಿ ಹಿರಿಯರಿಗಾಗಿ ಹಗಲು ಕೇಂದ್ರಗಳಿವೆ. ಸಮುದಾಯ ಭವನದಲ್ಲೋ ಚರ್ಚಿನ ಪಕ್ಕದ ಹಾಲಿನಲ್ಲೋ ನಡೆಯುತ್ತವೆ. ಬೆಳಗ್ಗೆ ಬಿಪಿ ನೋಡುವುದು, ಪೈವಾನ್ ಭಾಷೆಯಲ್ಲಿ ಪ್ರಾರ್ಥನೆ, ಸ್ವಲ್ಪ ವ್ಯಾಯಾಮ, ಮಧ್ಯಾಹ್ನ ಊಟ. ಬರಲಾಗದವರ ಮನೆಗೆ ಕೇಂದ್ರದವರೇ ಹೋಗುತ್ತಾರೆ. ದೇಶದ ದೀರ್ಘಾವಧಿ ಆರೈಕೆ ಯೋಜನೆ ಉಳಿದವರಿಗೆ 65ನೇ ವಯಸ್ಸಿಗೆ ಸಿಕ್ಕರೆ ಮೂಲನಿವಾಸಿಗಳಿಗೆ 55ಕ್ಕೇ ಸಿಗುತ್ತದೆ. ಅವರ ಸರಾಸರಿ ಆಯುಸ್ಸು ಕಡಿಮೆ, ಅದಕ್ಕೆ. ರಿಯಾಯಿತಿ ಅಂತ ಕೇಳಿ ಖುಷಿಪಡುವ ಹಾಗಿಲ್ಲ, ಅಲ್ವಾ?

ಈ ಕೆಲಸದಲ್ಲಿ ನಾನು ಕಲಿತದ್ದರಲ್ಲಿ ಜಾಸ್ತಿ ಉಪಯೋಗಕ್ಕೆ ಬಂದದ್ದು ಒಂದೇ. ಇಲ್ಲಿ ಮೊದಲು ಮನುಷ್ಯರ ಮನೆ ಹೆಸರು ಕೇಳಬೇಕು. ಕಾಯಿಲೆ ಆಮೇಲೆ.

ನಮ್ಮ ಕೇಂದ್ರದ ಆರೈಕೆಯ ಹೊಣೆ ಹೊತ್ತವರು ಅದೇ ಊರಿನ ಹೆಂಗಸು. ತಾಯಿ, ಚಿಕ್ಕಮ್ಮನ ವಯಸ್ಸಿನವರನ್ನು ಪೈವಾನ್‌ನಲ್ಲಿ ಕಿನಾ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ನನ್ನ ಫೈಲಿನಲ್ಲಿ ಇದ್ದದ್ದು ಚೀನೀ ಹೆಸರು, ಗುರುತಿನ ಚೀಟಿ ನಂಬರ್, ವಿಳಾಸ, ಕಾಯಿಲೆಗಳ ಪಟ್ಟಿ. ಕಿನಾ ಅದನ್ನು ಒಮ್ಮೆ ತಿರುವಿ ಹಾಕಿ, ‘ಇದರಲ್ಲಿ ಯಾರು ಯಾರಿಗೆ ಏನಾಗಬೇಕು ಅಂತಲೇ ಗೊತ್ತಾಗಲ್ಲ’ ಅಂದರು. ನಿಜವೇ. 1945ರಲ್ಲಿ ಜಪಾನೀ ಆಡಳಿತ ಮುಗಿದ ಮೇಲೆ ಬಂದ ಸರ್ಕಾರ ಮೂಲನಿವಾಸಿಗಳಿಗೆಲ್ಲ ಚೀನೀ ಹೆಸರು ಹಚ್ಚಿತು. ಗುಮಾಸ್ತರು ಬರೆದದ್ದೇ ಹೆಸರು. ಒಡಹುಟ್ಟಿದವರಿಗೇ ಬೇರೆ ಬೇರೆ ಅಡ್ಡಹೆಸರು ಬಿದ್ದದ್ದುಂಟು. 1995ರಿಂದ ಸಾಂಪ್ರದಾಯಿಕ ಹೆಸರನ್ನು ಮತ್ತೆ ನೋಂದಾಯಿಸಲು ಅವಕಾಶವಿದೆ. ಆದರೆ ನಮ್ಮ ಕೇಂದ್ರಕ್ಕೆ ಬರುವ ಹಿರಿಯರಲ್ಲಿ ಹೆಚ್ಚಿನವರ ದಾಖಲೆ ಹಳೇ ಹೆಸರಲ್ಲೇ ಇದೆ.

ಪೈವಾನ್ ಜನರಲ್ಲಿ ಪ್ರತಿ ಮನೆಗೂ ಒಂದು ಹೆಸರು. ನೀನು ಯಾವ ಮನೆಯಲ್ಲಿ ಹುಟ್ಟಿದೆಯೋ ಅದು ನಿನ್ನ ಗುರುತು. ಆ ಮನೆ ಹೋಗುವುದು ಮೊದಲು ಹುಟ್ಟಿದ ಮಗುವಿಗೆ, ಗಂಡಾಗಲಿ ಹೆಣ್ಣಾಗಲಿ. ತಮ್ಮ ತಂಗಿಯರು ಮದುವೆಯಾಗಿ ಹೊರಗೆ ಹೋಗಿ ಬೇರೆ ಮನೆ ಮಾಡುತ್ತಾರೆ ಅಥವಾ ಸೇರುತ್ತಾರೆ. ಹಿರಿಯ ಮಗುವಿಗೆ ಮನೆ ಸಿಕ್ಕಿತು ಅಂದರೆ ಜವಾಬ್ದಾರಿಯೂ ಅಂಟಿತು ಅಂತಲೇ. ತಂದೆತಾಯಿಯನ್ನು ನೋಡಿಕೊಳ್ಳುವುದು, ಕಷ್ಟದಲ್ಲಿರುವ ತಮ್ಮ ತಂಗಿಗೆ ಬಾಗಿಲು ತೆರೆದಿಡುವುದು, ಎಲ್ಲ.

ಇದು ಆರೈಕೆಯಲ್ಲಿ ಎಲ್ಲಿ ಕೆಲಸಕ್ಕೆ ಬರುತ್ತದೆ ಅಂದರೆ, ಯಾರಿಗೆ ಫೋನ್ ಮಾಡಬೇಕು ಅನ್ನೋದರಲ್ಲಿ. ಇಲ್ಲಿ ಅಜ್ಜ ಅಜ್ಜಿ ಇಬ್ಬರೂ ವುವು. ಒಬ್ಬ ವುವು ಅಂಗಳದಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಎರಡು ಮನೆ ಆಚೆ ಮಗ ಇದ್ದಾನೆ. ನಮ್ಮೂರಲ್ಲಾದರೆ ಆಸ್ಪತ್ರೆಯವರು ‘ಮಗ ಎಲ್ಲಿ, ಸಹಿ ಹಾಕಲಿ’ ಅಂತಾರೆ. ಇಲ್ಲೂ ಆಸ್ಪತ್ರೆಯವರು ಅದನ್ನೇ ಅಂದರು. ಮಗ ಪೆನ್ನು ಹಿಡಿದು ಸುಮ್ನೆ ನಿಂತ. ಕಿನಾ ಕಾವ್‌ಶುಂಗ್ ನಗರದಲ್ಲಿ ಫ್ಯಾಕ್ಟರಿ ಶಿಫ್ಟಿನಲ್ಲಿದ್ದ ದೊಡ್ಡ ಮಗಳಿಗೆ ಫೋನ್ ಹಚ್ಚಿದರು. ಅಕ್ಕ ಹೂಂ ಅಂದ ಮೇಲೆ ತಮ್ಮ ಸಹಿ ಹಾಕಿದ. ಮನೆಗೆ ಕರೆತಂದ ಮೇಲೆ ಮಂಚ ಎಲ್ಲಿ ಹಾಕಬೇಕು, ಬಚ್ಚಲಿಗೆ ಹಿಡಿಕೆ ಬೇಕೋ ಬೇಡವೋ, ನೋಡಿಕೊಳ್ಳೋಕೆ ಇಂಡೋನೇಷ್ಯಾದ ಹುಡುಗಿಯನ್ನು ಇಟ್ಟುಕೊಳ್ಳೋದೋ ಅನ್ನೋದೆಲ್ಲ ಅವಳೇ ತೀರ್ಮಾನಿಸಿದಳು, ರಜೆ ಹಾಕಿ ಬಂದು. ಕಾಗದದಲ್ಲಿ ‘ಮುಖ್ಯ ಸಂಪರ್ಕ’ ಅನ್ನೋ ಕಾಲಂನಲ್ಲಿ ಇನ್ನೂ ತಮ್ಮನ ಹೆಸರೇ ಇದೆ. ಹತ್ತಿರ ಇರುವವನು ಅವನು, ಅಷ್ಟೇ.

ಮನೆ ಹೆಸರಿನ ಇನ್ನೊಂದು ಮುಖ ನನಗೆ ಅಷ್ಟು ಸುಲಭವಾಗಿ ಒಗ್ಗಲಿಲ್ಲ. ಪೈವಾನ್ ಸಮಾಜದಲ್ಲಿ ಮುಖ್ಯಸ್ಥರ ಮನೆತನಗಳಿವೆ, ಕುಲೀನರಿದ್ದಾರೆ, ಸಾಮಾನ್ಯರಿದ್ದಾರೆ. ಕೆಲವು ಗಾಜಿನ ಮಣಿಗಳು, ನೂರ್ಹೆಜ್ಜೆ ಅನ್ನೋ ವಿಷದ ಹಾವಿನ ಚಿತ್ತಾರ, ಕೈಮೇಲಿನ ಹಚ್ಚೆ ಹಿಂದೆ ಎಲ್ಲರಿಗೂ ಸಲ್ಲುತ್ತಿರಲಿಲ್ಲ. ಪಟ್ಟಣದಿಂದ ಬಂದ ಕ್ರಾಫ್ಟ್ ಟೀಚರ್ ಒಬ್ಬರು ಎಲ್ಲರಿಗೂ ಒಂದೇ ಹಾವಿನ ಚಿತ್ರ ಕೊಟ್ಟು ಬಣ್ಣ ತುಂಬಿಸೋ ಯೋಜನೆ ತಂದಿದ್ದರು. ಕಿನಾ ನಗುನಗುತ್ತಲೇ ಅದನ್ನು ಹೂವಿಗೆ ಬದಲಾಯಿಸಿದರು. ಊಟಕ್ಕೆ ಕೂರುವಾಗಲೂ ಮುಖ್ಯಸ್ಥರ ಮನೆಯ ಒಬ್ಬ ವುವು ಬರುವವರೆಗೆ ಯಾರೂ ಚಮಚ ಎತ್ತುವುದಿಲ್ಲ. ಕರ್ನಾಟಕದಿಂದ ಬಂದವಳಿಗೆ ಹುಟ್ಟಿನಿಂದ ಬರುವ ಮೇಲು ಕೀಳು ನೋಡಿದರೆ ಹೊಟ್ಟೆಯೊಳಗೆ ಏನೋ ಬಿಗಿಯಾಗುತ್ತದೆ. ನನ್ನ ನಿಲುವು ಇಷ್ಟು: ಬಿಪಿ ನೋಡುವುದು ಬಂದ ಸರದಿಯಲ್ಲೇ, ಊಟದ ಪಾಲು ಎಲ್ಲರಿಗೂ ಸಮ, ಅದರಲ್ಲಿ ಬಿಟ್ಟುಕೊಡುವುದಿಲ್ಲ. ಯಾರು ಮೊದಲು ಮಾತಾಡಬೇಕು, ಯಾವ ಚಿತ್ತಾರ ಯಾರದ್ದು ಅನ್ನೋದು ಅವರ ಮನೆ ವಿಷಯ. ಅದನ್ನು ಊರಿನ ಹುಡುಗ ಹುಡುಗಿಯರು ತಮ್ಮಲ್ಲೇ ಜಗಳಾಡಿಕೊಳ್ಳುತ್ತಿದ್ದಾರೆ, ನನ್ನ ಅಗತ್ಯ ಇಲ್ಲ.

ಇನ್ನು ನೆನಪಿನ ಶಕ್ತಿಯ ಪರೀಕ್ಷೆ. ನೂರರಿಂದ ಏಳು ಕಳೆಯುತ್ತಾ ಹೋಗಿ, ಇವತ್ತು ತಾರೀಕು ಎಷ್ಟು, ಈ ಚಿತ್ರ ನೋಡಿ ಬರೆಯಿರಿ, ಹೀಗೆ. ಎಲ್ಲ ಮ್ಯಾಂಡರಿನ್‌ನಲ್ಲಿ. ತೊಂಬತ್ತು ದಾಟಿದವರು ಒಂದಷ್ಟು ಓದಿದ್ದರೆ ಅದು ಜಪಾನೀ ಶಾಲೆಯಲ್ಲಿ. ಉತ್ತರವೂ ಕೆಲವೊಮ್ಮೆ ಜಪಾನೀ ಭಾಷೆಯಲ್ಲೇ ಬರುತ್ತದೆ. ಅಂಕಿ ಸರಿ, ಅಂಕ ಸೊನ್ನೆ. ಇಂಥ ಪರೀಕ್ಷೆಯಲ್ಲಿ ತೀರಾ ಕಡಿಮೆ ಅಂಕ ತೆಗೆದ ಒಬ್ಬ ವುವು ಅದೇ ವಾರ ಚಿನಾವು ಕಟ್ಟುವುದನ್ನು ನೋಡಿದೆ. ನಮ್ಮ ಎಲೆಕಡುಬಿನ ದೂರದ ನೆಂಟ ಅದು, ಒಳಗೆ ಹಂದಿಮಾಂಸ. ಮೊದಲು ತಿನ್ನಬಹುದಾದ ಒಂದು ಎಳೆಯ ಎಲೆ, ಅದರ ಮೇಲೆ ನೆನೆಸಿದ ನವಣೆ, ನಡುವೆ ಮಾಂಸದ ತುಂಡು, ಮತ್ತೆ ನವಣೆ. ಮಡಚಿ, ಹೊರಗೆ ಶುಂಠಿ ಜಾತಿಯ ಉದ್ದದ ಎಲೆ ಸುತ್ತಿ ದಾರ ಬಿಗಿದು ಬೇಯಿಸುವುದು. ವುವು ನರ ಎದ್ದಿದ್ದ ಎಲೆಗಳನ್ನು ಬೆರಳಲ್ಲೇ ತಡವಿ ಪಕ್ಕಕ್ಕೆ ಎಸೆಯುತ್ತಿದ್ದರು. ಪಕ್ಕದವಳ ದಾರ ಸಡಿಲ ಅಂತ ಬಿಚ್ಚಿಸಿದರು. ಯಾರ ಮನೆಗೆ ಎಷ್ಟು ಹೋಗಬೇಕು ಅಂತ ಮನೆ ಹೆಸರು ಹೇಳಿ ಹೇಳಿ ರಾಶಿ ಹಾಕಿದರು. ಒಂದು ಮನೆಯೂ ತಪ್ಪಲಿಲ್ಲ. ಪರೀಕ್ಷೆ ಬೇಡ ಅಂತ ನಾನು ಹೇಳಲ್ಲ, ಮರೆವಿನ ಕಾಯಿಲೆ ಇಲ್ಲೂ ಇದೆ, ಬೇಗ ಹಿಡಿಯಲೇಬೇಕು. ಆದರೆ ಈಗ ಅಂಕದ ಜೊತೆ ಅಡುಗೆಮನೆಯಲ್ಲಿ ಕಂಡದ್ದನ್ನೂ ನಾಲ್ಕು ಸಾಲು ಬರೆದು ಡಾಕ್ಟರಿಗೆ ಕಳಿಸುತ್ತೇವೆ. ಕಾಲಿನ ವ್ಯಾಯಾಮವನ್ನೂ ನವಣೆ ಕುಟ್ಟುವ, ತೆನೆ ಕಟ್ಟುವ ಕೆಲಸದ ಸುತ್ತ ಜೋಡಿಸಿದ್ದೇವೆ. ರಬ್ಬರ್ ಬ್ಯಾಂಡ್ ಎಳೆಯಲು ಬೇಸರಪಡುವವರು ಒನಕೆ ಬಿಡುವುದೇ ಇಲ್ಲ, ಸಾಕು ಅಂತ ನಾವೇ ಕಿತ್ತುಕೊಳ್ಳಬೇಕು.

ಅಡಿಕೆ ವಿಷಯದಲ್ಲಿ ಮಾತ್ರ ನನ್ನ ಬಾಯಿಗೆ ಬೀಗ. ಇಲ್ಲೂ ಹಸಿ ಅಡಿಕೆ, ಸುಣ್ಣ, ವೀಳ್ಯದೆಲೆ. ಬಂದವರಿಗೆ ಕೊಡೋದು, ಮದುವೆ ಮಾತಿಗೆ ಒಯ್ಯೋದು. ಹಲ್ಲಿಲ್ಲದ ವುವು ಕುಟ್ಟಿಕೊಂಡು ಹಾಕಿಕೊಳ್ಳುತ್ತಾರೆ. ಬಾಯಿ ಕ್ಯಾನ್ಸರ್ ಬಗ್ಗೆ ಪೋಸ್ಟರ್ ಅಂಟಿಸುವುದು ನಮ್ಮ ಕೆಲಸ. ಅಡಿಕೆ ದುಡ್ಡಲ್ಲೇ ಓದಿದವಳು ಯಾವ ಮುಖ ಇಟ್ಟುಕೊಂಡು ಭಾಷಣ ಮಾಡಲಿ? ಪೋಸ್ಟರ್ ಅಂಟಿಸುತ್ತೇನೆ, ಬಾಯಿ ತಪಾಸಣೆಗೆ ಗಾಡಿ ಬಂದಾಗ ಎಲ್ಲರನ್ನೂ ಎಬ್ಬಿಸಿಕೊಂಡು ಹೋಗುತ್ತೇನೆ.

ಮನೆ ಅಂದರೆ ಇವರಿಗೆ ಗೋಡೆ ಮಾತ್ರ ಅಲ್ಲ ಅನ್ನೋದಕ್ಕೆ ಹಳೆಯ ಕಾರಣವೂ ಇದೆ. ಚಪ್ಪಡಿ ಕಲ್ಲಿನ ತಗ್ಗು ಮನೆಗಳಲ್ಲಿ ತೀರಿಹೋದವರನ್ನು ಒಳಗೇ, ನೆಲದಡಿಯೇ ಹೂಳುತ್ತಿದ್ದರು. ಜಪಾನೀಯರು ಅದನ್ನು ನಿಲ್ಲಿಸಿದರು. ಮನೆಯಲ್ಲಿ, ತನ್ನವರ ನಡುವೆ ಸಾಯುವುದೇ ಒಳ್ಳೆ ಸಾವು ಅನ್ನೋ ಮಾತು ಉಳಿದಿದೆ. 2009ರ ಆಗಸ್ಟ್‌ನಲ್ಲಿ ಮೊರಾಕೋಟ್ ಚಂಡಮಾರುತ ಬೆಟ್ಟಗಳನ್ನೇ ಕುಸಿಸಿತು. ಹಲವು ಊರುಗಳು ಕೆಳಗಿನ ಹೊಸ ಬಡಾವಣೆಗಳಿಗೆ ಬಂದವು. ಅಲ್ಲಿ ಮನೆಗಳು ಎರಡು ಅಂತಸ್ತು. ಮೆಟ್ಟಿಲು ನೋಡದೇ ಬೆಳೆದವರಿಗೆ ಮೆಟ್ಟಿಲು. ಬೀಳುವುದರ ಬಗ್ಗೆ ಪ್ರಾಜೆಕ್ಟು ಮಾಡುವ ನಮಗೆ ಅಲ್ಲಿ ಕೈತುಂಬ ಕೆಲಸ. ಹಿಡಿಕೆ ಹಾಕಬಹುದು, ಮಂಚ ಕೆಳಗಿಳಿಸಬಹುದು. ಹಳೇ ಊರಿನ ಅಂಗಳ ನೋಡಬೇಕು ಅಂದವರನ್ನು ರಸ್ತೆ ಚೆನ್ನಾಗಿದ್ದ ದಿನ ಮೊಮ್ಮಕ್ಕಳು ಗಾಡಿಯಲ್ಲಿ ಕರೆದುಕೊಂಡು ಹೋಗುತ್ತಾರೆ, ಅದು ನಮ್ಮ ಯೋಜನೆಯಲ್ಲಿ ಇಲ್ಲ.

ಕಂಪ್ಯೂಟರ್ ಫಾರಂನಲ್ಲಿ ಮನೆ ಹೆಸರಿಗೆ ಜಾಗ ಕೊಡಿ ಅಂತ ಕೇಳಿದ್ದೇವೆ, ಮುಂದಿನ ಆವೃತ್ತಿಯಲ್ಲಿ ನೋಡೋಣ ಅಂದಿದ್ದಾರೆ. ಅಲ್ಲಿಯವರೆಗೆ ‘ಇತರೆ’ ಕಾಲಂನಲ್ಲಿ ಮೊದಲು ಮನೆ ಹೆಸರು, ಆಮೇಲೆ ಹಿರಿಯ ಮಗುವಿನ ಫೋನ್ ನಂಬರ್ ಬರೆಯುತ್ತೇವೆ. ಹೊಸದಾಗಿ ಸೇರುವ ವಿದ್ಯಾರ್ಥಿಗಳಿಗೆ ಬಿಪಿ ಮೆಷಿನ್ ಕೊಡುವ ಮೊದಲು ಕಿನಾ ಜೊತೆ ಒಂದು ಸುತ್ತು ಊರು ತಿರುಗಿಸುತ್ತೇನೆ. ಅಷ್ಟೂ ಮನೆ ಹೆಸರು ಕೇಳಿ ಅವರ ತಲೆ ತಿರುಗುತ್ತದೆ. ತಪ್ಪು ಉಚ್ಚರಿಸಿದರೆ ವುವುಗಳು ಬಾಗಿಲಲ್ಲೇ ನಿಲ್ಲಿಸಿ ಸರಿಯಾಗಿ ಹೇಳಿಸಿಯೇ ಒಳಗೆ ಬಿಡುವುದು.